ಕೆರೆಗೆ ರಂಪಣಿ ಬಲೆ

ಕಳೆದ ವರ್ಷ ನವೆಂಬರ್ ಎರಡನೇ ಭಾನುವಾರ ಅವರ್ಸಾದ ನಮ್ಮ ಕೇರಿಯ ಜನ ಸಿಹಿನೀರಿನ ಕೆರೆಗೆ ರಂಪಣಿ ಬಲೆ ಎಳೆದರು. ಮೀನಿಗಲ್ಲ, ನೀರೊಳಗೆ ಬೆಳೆದ ಗಿಡಗಳಿಗೆ. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. 'ಕೆರೆ ಸ್ವಚ್ಛ' ಎಂದು ಪತ್ರಿಕೆಗೆ ವರದಿ ಬರೆದವನೂ ನಾನೇ.

ರಂಪಣಿ ಎಂದರೆ ಇಡೀ ಕೇರಿ ಎರಡು ಸಾಲಾಗಿ ನಿಂತು ಸಮುದ್ರದಿಂದ ದಡಕ್ಕೆಳೆಯುವ ದೊಡ್ಡ ಬಲೆ. ಸಿಕ್ಕಿದ್ದನ್ನು ಬಿಟ್ಟುಬರುವ ಅಭ್ಯಾಸ ಅದಕ್ಕೂ ಇಲ್ಲ, ನಮಗೂ ಇಲ್ಲ. ಉದ್ದನೆಯ ಎಲೆ, ಬೇರು, ಬೇರು ಹಿಡಿದಿಟ್ಟ ಕೆಸರು, ಎಲ್ಲವೂ ಬಂತು. "ಬಂಗಡೆ ಬಿದ್ದಾಂಗೆ ಬಿತ್ತಲ್ರೋ!" ಎಂದು ಬಲೆಯ ಯಜಮಾನ ಪಾಂಡು ಕೂಗಿದ.

ತಿಂಗಳೊಳಗೆ ನೀರು ಹಸಿರಾಗಿ ನಾರತೊಡಗಿತು. ಕೆರೆಯ ದಂಡೆಯಲ್ಲಿ ಹರಿವೆ ಬೆಳೆದು, ಅದೇ ನೀರಲ್ಲಿ ತೊಳೆದು ಅಂಕೋಲೆ ಪೇಟೆಗೆ ಒಯ್ಯುವ ಗಿರಿಜಕ್ಕ ಒಂದು ಕಟ್ಟು ಸೊಪ್ಪನ್ನು ನನ್ನ ಮೂಗಿಗೇ ಹಿಡಿದಳು.

"ಮೂಸಿ ನೋಡು ಪೇಪರಣ್ಣಾ, ನಿನ್ನ ಸ್ವಚ್ಛ ಕೆರೆ! ಗಿರಾಕಿ ಎಲ್ಲ ಮೂಗು ಮುಚ್ಕಂಡು ಮುಂದೆ ಹೋಗ್ತಾರೆ. ಹೀಂಗೇ ಆದ್ರೆ ನಾ ಪೇಟೆಗೆ ಹೋಗೂದೇ ಬಿಡ್ಬೇಕು."

"ಬಾವಿ ನೀರಲ್ಲಿ ತೊಳೀಬೌದಲ್ಲ?"

"ನಮ್ ಬಾವಿ ಉಪ್ಪು. ಉಪ್ಪು ಹಾಕಿ ಮಾರೂಕೆ ಇದೇನು ಉಪ್ಪಿನಕಾಯಿಯಾ?"

ಕಾರವಾರದಲ್ಲಿ ಸಸ್ಯಶಾಸ್ತ್ರ ಕಲಿಸುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟು: ನೀರೊಳಗಿನ ಗಿಡ ತಳದ ಕೆಸರನ್ನು ಕದಡದಂತೆ ಹಿಡಿದಿಡುತ್ತದೆ. ಪಾಚಿಯ ಪಾಲಿನ ಆಹಾರವನ್ನು ತಾನು ಉಣ್ಣುತ್ತದೆ. ಪಾಚಿ ತಿನ್ನುವ ಸಣ್ಣ ಜೀವಿಗಳಿಗೆ ಅಡಗುದಾಣವಾಗುತ್ತದೆ. ನೀರನ್ನೇ ಮುಚ್ಚುವ ಅಂತರಗಂಗೆಯನ್ನು ತೆಗೆಯಬೇಕು ನಿಜ; ನಾವು ತೆಗೆದದ್ದು ಅದನ್ನಲ್ಲ. ಅಂಗಳ ಬೋಳಾಗಿದ್ದರೆ ಚೊಕ್ಕಟ ಎಂಬ ನಮ್ಮ ಲೆಕ್ಕವನ್ನು ನೀರಿಗಿಳಿಸಿದ್ದೆವು.

ಗಿಡ ಕಿತ್ತದ್ದೇ ತಪ್ಪು, ಮತ್ತೆ ನೆಡೋಣ ಎಂದರೆ ಪಾಂಡು ಸುಲಭಕ್ಕೆ ಒಪ್ಪಲಿಲ್ಲ. "ತಲೆ ಬೋಳಿಸಿದ್ರೆ ಜ್ವರ ಬರ್ತದ್ಯಾ ಮಾರಾಯ್ರಾ?" ಎಂದ. ಗಿರಿಜಕ್ಕ ಅಂಥದೇ ಒಂದು ಕಟ್ಟನ್ನು ಅವನ ಮೂಗಿಗೂ ಹಿಡಿದಳು. ಒಪ್ಪಿದ.

ಕದ್ವಾಡದ ಒಂದು ಕೆರೆಯಲ್ಲಿ ಗೆಳೆಯ ಅದೇ ಜಾತಿಯ ಗಿಡ ಗುರುತಿಸಿಕೊಟ್ಟ. ಬಕೆಟ್ಟಿನಲ್ಲಿ ತಂದೆವು. ಪಾಂಡು ಒಂದೊಂದರ ಬುಡಕ್ಕೂ, ಬಲೆಗೆ ಭಾರ ಕಟ್ಟುವ ಗಂಟಿನಲ್ಲೇ, ಕಲ್ಲು ಕಟ್ಟಿ ಮುಳುಗಿಸಿದ. ಪತ್ರಿಕೆಯಲ್ಲಿ ಹೆಸರು ತಪ್ಪಾಗಿ ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ಕಸುಬಿನ ರೂಢಿ. ಸೊಂಟಮಟ್ಟದ ನೀರಲ್ಲಿ ನಿಂತು ನಾನು ಹಾಕಿದ ತಿದ್ದುಪಡಿ ಇದೊಂದೇ. ಬೇರು ಹಿಡಿಯಲು ಒಂದು ಮಳೆಗಾಲ ಬೇಕಾಯಿತು. ಪತ್ರಿಕೆಗಿರುವಂತೆ ಕೆರೆಗೆ ಮರುದಿನದ ಸಂಚಿಕೆ ಇಲ್ಲ.

ಕಳೆದ ಶನಿವಾರ ಗಿರಿಜಕ್ಕ ತಿಳಿಯಾದ ಕೆರೆಯ ನೀರಲ್ಲೇ ಸೊಪ್ಪು ತೊಳೆದು ಅಂಕೋಲೆಗೆ ಹೋದಳು. ಮಧ್ಯಾಹ್ನದ ಬಸ್ಸಿನಿಂದ ಖಾಲಿ ಬುಟ್ಟಿ ಹಿಡಿದು ಇಳಿದಳು.