ಯಾರಿಗೆ ಬೇಜಾರು?

ಕಳೆದ ವಾರ ನೆಂಟರೊಬ್ಬರನ್ನು ವಿಮಾನ ಹತ್ತಿಸಲು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಹೊರಟಿದ್ದೆ. ಮುಂದಿದ್ದ ಬಿಳಿ ವ್ಯಾನಿನಿಂದ ಊದುಬತ್ತಿ, ಸೇವಂತಿಗೆ, ಫಿನಾಯಿಲ್ ಬೆರೆತ ವಾಸನೆ ಬಂತು. ಶವ ಸಾಗಿಸುವ ಗಾಡಿ. ಹೊರಡುವ ಹೊತ್ತಿಗೆ ಇದೇನು ಅಪಶಕುನ ಎಂದು ನೆಂಟರು ಕಾರಿನ ಗಾಜು ಏರಿಸಿಕೊಂಡರು. ನನಗೆ ಸರೋಜತ್ತೆ ನೆನಪಾಗಿ ನಗು ಬಂತು. ಇದು ನಗುವ ವಿಷಯವೇ ಎಂದು ನೀವು ಕೇಳಬಹುದು; ಸ್ವಲ್ಪ ತಾಳಿ.

ಅತ್ತೆ ಭದ್ರಾವತಿಯಲ್ಲಿ ಟೀಚರ್ ಆಗಿದ್ದರು. ಮಾವ ಕಾರ್ಖಾನೆಯಲ್ಲಿದ್ದರು. ಸಾಲಾಗಿ ಕಟ್ಟಿದ ಮನೆಗಳ ಅವರ ಬೀದಿಯನ್ನು ಎಲ್ಲರೂ ಲೈನು ಎನ್ನುತ್ತಿದ್ದರು. ಕಾಲೇಜು ಓದಲು ನಾನು ಅಲ್ಲಿದ್ದಾಗ ಎದುರುಮನೆಗೆ ಸೆಲ್ವಂ ಎಂಬ ಡ್ರೈವರ್ ಹೆಂಡತಿ, ಮಗಳೊಂದಿಗೆ ಬಾಡಿಗೆಗೆ ಬಂದ. ಅವನು ಓಡಿಸುತ್ತಿದ್ದುದು ಇಂಥದೇ ವ್ಯಾನು. ಕೆಲಸವಿಲ್ಲದಾಗ ಅದು ಮನೆಯ ಮುಂದೆಯೇ ನಿಲ್ಲುತ್ತಿತ್ತು.

ಒಂದು ಭಾನುವಾರ ಲೈನಿನ ಹಿರಿಯ ನಂಜಪ್ಪನವರು ಬಂದರು. "ಟೀಚರ್, ಆ ವ್ಯಾನು ನೋಡಿ ಲೈನಿನವ್ರಿಗೆಲ್ಲ ಬೇಜಾರಾಗಿದೆ. ಮನೆ ಖಾಲಿ ಮಾಡು ಅಂತ ಅವನಿಗೆ ಹೇಳ್ಬೇಕು. ನೀವೂ ಬನ್ನಿ."

"ಯಾರಿಗೆ ಬೇಜಾರು?"

"ಎಲ್ರಿಗೂ."

"ನಿಮಗೂನಾ?"

"ನಂಗೇನಿಲ್ಲಪ್ಪ. ಪಾಪ, ಒಳ್ಳೇ ಮನುಷ್ಯ. ಆದ್ರೆ ಜನ ಒಪ್ಪಬೇಕಲ್ಲ?"

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಹಿಂದೆ ನಾನು. ಮನೆ ಮನೆಯಲ್ಲೂ ಅದೇ ಪ್ರಶ್ನೆ, ಹೆಚ್ಚು ಕಡಿಮೆ ಅದೇ ಉತ್ತರ. "ನಮಗೇನು ಮಾರಾಯ್ತಿ, ಪಕ್ಕದ ಮನೆಯವ್ರಿಗೆ ಆಗಲ್ಲ." ಪಕ್ಕದ ಮನೆಯವರು ಆಚೆ ಮನೆಯತ್ತ ಕೈ ತೋರಿಸುತ್ತಿದ್ದರು. ಲೈನಿಗೊಂದು ಅಭಿಪ್ರಾಯವಿತ್ತು, ಆದರೆ ಅದು ಯಾರ ಮನೆಯಲ್ಲೂ ವಾಸವಿರಲಿಲ್ಲ! ಆಗ ತರ್ಕಶಾಸ್ತ್ರ ಓದುತ್ತಿದ್ದ ನನಗೆ ಇದು ಪಠ್ಯದಲ್ಲಿಲ್ಲದ ವಿಚಿತ್ರವಾಗಿ ಕಂಡಿತು. ಕೊನೆಯ ಮನೆಯಾಕೆ ಸಂಕೋಚದಿಂದ, "ನಿಮ್ಮ ಯಜಮಾನ್ರೇ ಬೇಡ ಅಂದ್ರಂತಲ್ಲ?" ಎಂದರು.

ಮನೆಗೆ ಬಂದರೆ ಮಾವ ಜಗಲಿಯಲ್ಲೇ ಕೂತಿದ್ದರು. ಹಿಂದಿನ ವರ್ಷವಷ್ಟೇ ಅವರಿಗೆ ಹೃದಯಾಘಾತವಾಗಿತ್ತು.

"ಹೌದು ಕಣೆ, ನಾನೇ ಅಂದೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಅದೇ ಕಣ್ಣಿಗೆ ಬೀಳುತ್ತೆ. ನಂಗೆ ಹೆದರಿಕೆ."

ಈಗ ಜಗಳವೇ ಎಂದುಕೊಂಡೆ. ಅತ್ತೆ ಮಾವನ ಪಕ್ಕದಲ್ಲಿ ಕೂತು ನಿಟ್ಟುಸಿರುಬಿಟ್ಟರು. "ಸದ್ಯ, 'ನಂಗೆ' ಅನ್ನೋರು ಒಬ್ರಾದ್ರೂ ಸಿಕ್ಕಿದ್ರಲ್ಲ! 'ಎಲ್ರಿಗೂ' ಅಂದ್ರೆ ನಾನು ಯಾರ ಹತ್ರ ಹೋಗಿ ಮಾತಾಡ್ಲಿ? ಏಳಿ, ಇದನ್ನೇ ಅವನಿಗೆ ಹೇಳೋಣ."

ಮಾವ ಬಹಳ ಹಿಂಜರಿದರು. ಆದರೂ ಎದುರುಮನೆಗೆ ಹೋಗಿ ಹೇಳಿದರು. ಸೆಲ್ವಂ ಕೇಳಿ ಮೆಲ್ಲಗೆ ನಕ್ಕ. "ಮೊದ್ಲೇ ಹೇಳೋದಲ್ವಾ ಸಾರ್? ಶುರುನಲ್ಲಿ ನಂಗೂ ಭಯ ಇತ್ತು. ನಾಳೆಯಿಂದ ಹಿಂದಿನ ಮೈದಾನದಲ್ಲಿ ನಿಲ್ಲಿಸ್ತೀನಿ." ಅವನ ಹೆಂಡತಿ ಕಾಫಿ ತಂದರು. ಅದನ್ನು ಮುಟ್ಟಲೋ ಬೇಡವೋ ಎಂದು ನೋಡುತ್ತಿದ್ದ ಮಾವ ಕೊನೆಗೆ ಕುಡಿದು, ಸಕ್ಕರೆ ಹೆಚ್ಚಾಯಿತು ಎಂದರು. ಆ ಸಂಸಾರ ಅಲ್ಲೇ ಉಳಿಯಿತು.

ಕೆಲವು ವರ್ಷಗಳ ನಂತರ ತನ್ನ ಮಗಳ ಮದುವೆಯಲ್ಲಿ ಸೆಲ್ವಂ ಅತ್ತೆಗೆ ಕೈಮುಗಿದಾಗ ಆಕೆ, "ನಾನಲ್ಲಪ್ಪ, ಲೈನಿನವ್ರೆಲ್ಲ ಇರ್ಲಿ ಅಂದ್ರು" ಎಂದುಬಿಟ್ಟರು. ಪಕ್ಕದಲ್ಲಿದ್ದ ನಂಜಪ್ಪನವರ ಎದೆ ಉಬ್ಬಿತು. ನಾನು ಅತ್ತೆಯ ಕಿವಿಯಲ್ಲಿ, "ಕೆಟ್ಟದಕ್ಕಾದ್ರೆ ಹೆಸರು ಕೇಳ್ತೀರಿ, ಒಳ್ಳೇದನ್ನ ಎಲ್ರಿಗೂ ಹಂಚ್ತೀರಿ. ಇದ್ಯಾವ ನ್ಯಾಯ ಅತ್ತೆ?" ಎಂದೆ.

"ಸುಮ್ನಿರೋ. ಒಳ್ಳೇದು ನಾವೇ ಮಾಡಿದ್ದು ಅಂತ ನಂಬಿದ್ರೆ, ಮುಂದಿನ ಸಲ ನಿಜವಾಗ್ಲೂ ಮಾಡ್ತಾರೆ."

ಇದು ತರ್ಕಕ್ಕೆ ನಿಲ್ಲುತ್ತದೋ ಇಲ್ಲವೋ, ಇಂದಿಗೂ ತಿಳಿಯದು. ಆದರೆ ಅಷ್ಟು ಮನೆಗಳನ್ನು ಒಂದು 'ನಾವು' ಆಗಿಸಿದ್ದು ಆ ಪುಟ್ಟ ಸುಳ್ಳೇ ಇರಬೇಕು.

ಮೊನ್ನೆ ರವೀಂದ್ರನಗರದ ನಮ್ಮ ಬೀದಿಯಲ್ಲಿ ಸಭೆ ಸೇರಿತ್ತು. ಮೂಲೆಮನೆಗೆ ವಿಶೇಷ ಮಕ್ಕಳ ಶಾಲೆ ಬರುತ್ತದಂತೆ, ತಡೆಯಬೇಕಂತೆ. ನನ್ನ ಸರದಿ ಬಂದಾಗ, "ಬೀದಿಯವರಿಗೆಲ್ಲ..." ಎಂದು ಶುರುಮಾಡಿದವನು ನಿಲ್ಲಿಸಿದೆ.

"ಬೇರೆಯವರದು ಗೊತ್ತಿಲ್ಲ. ಆ ಮಕ್ಕಳ ಜೊತೆ ಹೇಗಿರಬೇಕು ಅಂತ ನನಗೆ ತಿಳಿಯದು, ಅದಕ್ಕೇ ಅಳುಕು. ಆ ಶಾಲೆ ಈಗಿರೋ ಜಾಗಕ್ಕೆ ನಾಳೆ ಹೋಗಿ ನೋಡಿ ಬರ್ತೀನಿ."

ಹಿಂದಿನ ಸಾಲಿನಿಂದ ಒಬ್ಬಾಕೆ, "ನಂಗೂ ಅಷ್ಟೇ ಸಾರ್. ಎಷ್ಟು ಗಂಟೆಗೆ ಹೊರಡ್ತೀರಿ?" ಎಂದರು.