ಕೈಗವಸು ಹಂಚದ ಸಾವು

ನಮ್ಮ ಇಪ್ಸ್‌ವಿಚ್ ಊರಲ್ಲಿ ಯಾರಾದರೂ ಸತ್ತರೆ ಮನೆಯವರು ಕೈಗವಸು ಕಳಿಸಬೇಕು. ಅದೇ ಕರೆ. ಕೈಗವಸು ಬಂದವರು ಹೆಣಕ್ಕೆ ಹೆಗಲು ಕೊಡುತ್ತಾರೆ, ಬರದವರು ಮನೆಯಲ್ಲೇ ಉಳಿಯುತ್ತಾರೆ. ಅದೂ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಮೆದು ತೊಗಲಿನದೇ ಆಗಬೇಕು. ಇಲ್ಲದಿದ್ದರೆ ಸತ್ತವನಿಗೆ ಮರ್ಯಾದೆ ಇಲ್ಲವಂತೆ.

ಪೀಪಾಯಿ ಮಾಡುವ ಎಫ್ರಾಯಿಮ್ ತೀರಿಕೊಂಡದ್ದು ಕೊರೆಯುವ ಚಳಿಯಲ್ಲಿ. ಆ ಹೊತ್ತಿಗೆ ಕಡಲಾಚೆ ಕೂತು ನಮ್ಮನ್ನಾಳುವ ಲಂಡನ್ನಿನ ಪಾರ್ಲಿಮೆಂಟು ನಮ್ಮನ್ನೊಂದು ಮಾತು ಕೇಳದೆ ಗಾಜಿಗೆ, ಕಾಗದಕ್ಕೆ, ಚಹಾಕ್ಕೆ ಸುಂಕ ಹೇರಿತ್ತು. ಸುಂಕ ತೆಗೆಯುವವರೆಗೆ ಇಂಗ್ಲೆಂಡಿನ ಸಾಮಾನು ಮುಟ್ಟುವುದಿಲ್ಲವೆಂದು ಸಭೆಯಲ್ಲಿ ಗಂಡಸರೆಲ್ಲ ಕೈ ಎತ್ತಿದ್ದರು. ಕೈ ಎತ್ತಲು ಏನು ಕಷ್ಟ. ಮನೆಗೆ ಹೋಗಿ ಅದೇ ಚಹಾ ಕುಡಿದರು. ಎಫ್ರಾಯಿಮನ ಹೆಂಡತಿ ಕೆಜಾಯಾ ಮಾತ್ರ ಅಂದಿನಿಂದ ಬೇಲಿಯ ಎಲೆ ಕುದಿಸಿ ಕುಡಿದಳು. ನನಗೂ ಕೊಟ್ಟಳು, ಬಾಯಿಗಿಡಲಾಗಲಿಲ್ಲ.

ಎಫ್ರಾಯಿಮನ ಅಣ್ಣ ಜೇಬೆಜ್ ತನ್ನ ಅಂಗಡಿಯಿಂದ ಕೈಗವಸಿನ ಗಂಟು ಹೊತ್ತು ಬಂದ. ಪಕ್ಕದ ಮನೆಯವಳಾದ ನಾನು ಅಲ್ಲೇ ಒಲೆಯ ಮುಂದಿದ್ದೆ.

"ತಗೋಮ್ಮ, ದುಡ್ಡು ಬೇಡ. ತಮ್ಮನಿಗೆ ಇಷ್ಟೂ ಮಾಡ್ದಿದ್ರೆ ಹೇಗೆ?"

"ಬೇಡ ಭಾವ. ಇವು ಲಂಡನ್ನಿಂದ ಬಂದಿದ್ದು."

"ಹಟ ಮಾಡ್ಬೇಡ. ಇದು ಹೋಗ್ದೆ ಇದ್ರೆ ಒಂದು ನರಪಿಳ್ಳೆನೂ ಬರಲ್ಲ. ಊರೋರಿಗೆಲ್ಲ ಹೆಗಲು ಕೊಟ್ಟೋನು ಅವ್ನು. ಅವನನ್ನ ನೀನೊಬ್ಳೇ ಹೊತ್ಕೊಂಡು ಹೋಗ್ತೀಯಾ?"

"ಸಭೇಲಿ ನಮ್ಮನೆಯೋರೂ ಕೈ ಎತ್ತಿದ್ರು. ಈಗ ನನ್ನ ಮನೇಲಿ ಸಾವಾಯ್ತು ಅಂತ ಆ ಮಾತು ಮುರೀಲಾ?"

ಜೇಬೆಜ್ ದುಮುಗುಟ್ಟುತ್ತ ಹೊರಟುಹೋದ. ಕೆಜಾಯಾ ಶಾಲು ಹೊದ್ದು, ಹಿಮದಲ್ಲಿ ನಡೆದು, ಆರು ಮನೆಗೆ ತಾನೇ ಹೋಗಿ ಬಾಯಿಮಾತಿನಲ್ಲಿ ಕರೆದು ಬಂದಳು. ಗಂಡನ ಹೆಣ ಮನೆಯಲ್ಲಿಟ್ಟುಕೊಂಡು ಹೆಂಗಸು ಬೀದಿ ಸುತ್ತುವುದೇ ಎಂದು ಕಿಟಕಿಗಳ ಹಿಂದೆ ಗುಸುಗುಸು ಶುರುವಾಯಿತು. ಹಾಳಾದ ಜನ.

"ಅಕ್ಕ, ಬರ್ತಾರೆ ಅಂತೀಯಾ?" ಎಂದು ನನ್ನನ್ನು ಕೇಳಿದಳು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ನೋಡೋಣ" ಅಂದೆ.

ಮರುದಿನ ಐವರು ಬಂದರು. ಬರಿಗೈಗಳನ್ನು ಚಳಿಗೆ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಎಷ್ಟು ಕಾದರೂ ಆರನೆಯವನ ಪತ್ತೆಯಿಲ್ಲ. ಹೆಣದ ಪೆಟ್ಟಿಗೆಯ ಒಂದು ಮೂಲೆಗೆ ಹೊರುವವರಿಲ್ಲದೆ ಎಲ್ಲರೂ ಮುಖ ಮುಖ ನೋಡಿಕೊಂಡರು. ನಮ್ಮಲ್ಲಿ ಹೆಂಗಸರು ಹೆಣ ಹೊರುವುದಿಲ್ಲ. ಕೆಜಾಯಾ ಬಂದು ಆ ಜಾಗದಲ್ಲಿ ನಿಂತು ಬಗ್ಗಿದಳು.

"ಎತ್ತಿ" ಅಂದಳು.

ಬೇಲಿಯಾಚೆ ನಿಂತು ನೋಡುತ್ತಿದ್ದ ಜೇಬೆಜ್ ಓಡಿಬಂದ. "ಬಿಡಮ್ಮ, ಅದು ನನ್ನ ಜಾಗ."

"ಕೈ ತೋರ್ಸಿ ಭಾವ."

ಅವನು ತನ್ನ ಕೈಗವಸು ಬಿಚ್ಚಿ ಜೇಬಿಗೆ ತುರುಕಿದ. ವ್ಯಾಪಾರಿ ತಾನೆ, ಎಸೆಯುತ್ತಾನೆಯೇ. ಕೆಜಾಯಾ ಪಕ್ಕಕ್ಕೆ ಸರಿದಳು.

ಗುಡ್ಡದ ಮೇಲಿನ ಸ್ಮಶಾನದವರೆಗೂ ಆರು ಜನ ಆ ಗಾಳಿಯಲ್ಲಿ ಬರಿಗೈಯಲ್ಲೇ ಹೊತ್ತರು. ಈ ಊರನ್ನು ಬೈದುಕೊಂಡೇ ಬಾಳಿದವಳು ನಾನು, ಅವತ್ತು ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಪೆಟ್ಟಿಗೆ ಇಳಿಸಿದಾಗ ಜೇಬೆಜನ ಬೆರಳುಗಳು ನೀಲಿಗಟ್ಟಿ ಮಡಚಲಾಗುತ್ತಿರಲಿಲ್ಲ. ಜೇಬಿನಲ್ಲಿದ್ದ ಕೈಗವಸನ್ನು ಅವನು ಮುಟ್ಟಲಿಲ್ಲ. ಕೆಜಾಯಾ ಅವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡು, ಮಣ್ಣು ಮುಚ್ಚುವವರೆಗೂ ಉಜ್ಜುತ್ತ ನಿಂತಳು.