ಕೆಂಚೇಶನ ಕ್ರೇನು ಮತ್ತು ಗುಂಡುಕಲ್ಲು

ಬಿಳಿಚೋಡಿನ ವಿಡಿಯೋ ಕೆಂಚೇಶ ಕ್ಯಾಮೆರಾ ಎತ್ತಲು ಅಂಗಡಿಯ ಕ್ರೇನು ಕೊಂಡವನಲ್ಲ. ಬೋರ್‌ವೆಲ್ಲಿನ ಹಳೇ ಪೈಪಿಗೆ ಸೈಕಲ್ಲಿನ ಬೇರಿಂಗು ಸೇರಿಸಿ ತಾನೇ ಒಂದನ್ನು ಮಾಡಿಕೊಂಡಿದ್ದ. ಒಂದು ತುದಿಗೆ ಕ್ಯಾಮೆರಾ, ಇನ್ನೊಂದಕ್ಕೆ ತೂಕಕ್ಕೆಂದು ಅವನ ಅವ್ವನ ರುಬ್ಬುವ ಗುಂಡುಕಲ್ಲು. ಕ್ಯಾಮೆರಾ ಮೇಲೇರಿದರೆ ಚಂದ್ರನ ಕುಳಿಗಳೂ ಕಾಣುತ್ತಿದ್ದವು, ನಾನೇ ಎಣಿಸಿದ್ದೇನೆ.

ಚನ್ನಗಿರಿಯಲ್ಲಿ ಸಾವಂತ್ರಮ್ಮನವರ ಮೊಮ್ಮಗಳ ನಾಮಕರಣ, ವಿಡಿಯೋ ಕೆಂಚೇಶನದು. ಪದ್ಧತಿಯಂತೆ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಗುಂಡಪ್ಪನೆಂದು ಕರೆದು ಮಲಗಿಸಿ ತೂಗಬೇಕು. ಮಿಕ್ಸಿ ಬಂದ ಮನೆಯಲ್ಲಿ ಕಲ್ಲೆಲ್ಲಿ? ಕೆಂಚೇಶ ಪರದೆಯಲ್ಲಿ ಕಣ್ಣು ನೆಟ್ಟಿದ್ದಾಗ ಸಾವಂತ್ರಮ್ಮ ಹಿಂದಿನಿಂದ ಹಗ್ಗ ಬಿಚ್ಚಿ ಅವನ ಕಲ್ಲನ್ನೇ ಎತ್ತಿಕೊಂಡು ಹೋದರು.

ಕ್ಯಾಮೆರಾ ಧಡಕ್ಕನೆ ಕೆಳಗಿಳಿಯಿತು. ಕೆಂಚೇಶ ಹಾರಿ ಪೈಪಿನ ಬಾಲಕ್ಕೆ ಜೋತುಬಿದ್ದ. ಪಾಯಸದ ಪಾತ್ರೆಗೆ ಒಂದು ಗೇಣು ಮೇಲೆ ಲೆನ್ಸು ನಿಂತಿತು.

“ಅಮ್ಮಾರೆ, ನನ್ನ ಕಲ್ಲು ಕೊಡ್ರಿ! ಏಳು ವರ್ಷದ ದುಡಿಮೆ ಈ ಕ್ಯಾಮೆರಾದಾಗೈತೆ! ಕೇಳಾಕೆ ಬಾಯಿರಲಿಲ್ವಾ ನಿಮಗೆ?”

ಆ ಕೂಗಿಗೆ ಸೂಳೆಕೆರೆಯ ಮೀನುಗಳು ದಡಕ್ಕೆ ಹಾರಿದವು. ಸಾವಂತ್ರಮ್ಮ ಮಾತ್ರ ಅಲುಗಲಿಲ್ಲ.

“ತೊಟ್ಟಿಲಿಗೆ ಹಾಕಿದ ಗುಂಡಪ್ಪನ್ನ ಹಾಡು ಮುಗಿಯೋಗಂಟ ಎಬ್ಬಿಸಾಕೆ ಬರಲ್ಲ ಕಣಪ್ಪ. ಹಂಗೇ ಇರು.”

“ಎಷ್ಟು ಹಾಡು?”

“ಹನ್ನೊಂದು.”

ಹನ್ನೊಂದು ಹಾಡಿಗೂ ಅವನು ಬಾವಲಿಯಂತೆ ಜೋತಾಡಿದ. ಹಲ್ಲು ಕಡಿದ ಸದ್ದಿಗೆ ಓಲಗದವರು ತಾಳ ತಪ್ಪಿದರು. ಕೊನೆಗೆ ಕಲ್ಲು ಅರಿಶಿನ ಕುಂಕುಮ ಹಚ್ಚಿಕೊಂಡು, ಕೂಸಿನ ಕುಲಾವಿ ಹಾಕಿಕೊಂಡು ವಾಪಸಾಯಿತು. ಕೆಂಚೇಶ ಕುಲಾವಿಯನ್ನು ಕಿತ್ತೆಸೆದ.

ಈಗ ಕ್ರೇನಿಗೆ ಮರಳಿನ ಚೀಲ ಕಟ್ಟುತ್ತಾನೆ. ಯಾವ ಅಜ್ಜಿ ಹತ್ತಿರ ಸುಳಿದರೂ ಅವನ ಕಣ್ಣು ಕೆಂಪಾಗುತ್ತದೆ: “ಇದು ಗುಂಡಪ್ಪ ಅಲ್ರೀ, ಮುಟ್ಟಬ್ಯಾಡ್ರಿ!”